ಪತ್ಮೋಸಿನ ಒಂದು ಹಗಲು

ಏಜಿಯನ್ ಸಮುದ್ರದ ಪೂರ್ವದಂಚಿನಲ್ಲಿ, ಟರ್ಕಿಯ ಕರಾವಳಿಗೆ ಹತ್ತಿರದಲ್ಲಿ, ಪತ್ಮೋಸ್ ಎಂಬ ಪುಟ್ಟ ಗ್ರೀಕ್ ದ್ವೀಪವಿದೆ. ವಿಸ್ತೀರ್ಣ ಸುಮಾರು 34 ಚದರ ಕಿಲೋಮೀಟರು, ಜನಸಂಖ್ಯೆ ಮೂರು ಸಾವಿರದ ಆಸುಪಾಸು. ವಿಮಾನ ನಿಲ್ದಾಣ ಇಲ್ಲ. ಅಥೆನ್ಸಿನ ಬಂದರಾದ ಪಿರೇಯಸ್‌ನಲ್ಲಿ ಹಡಗು ಹತ್ತಿದರೆ ಇಲ್ಲಿಗೆ ಬರಲು ಏಳೆಂಟು ಗಂಟೆ ಬೇಕು. ಪ್ರವಾಸಿ ಹಡಗುಗಳು ತಮ್ಮ ಯಾತ್ರಿಕರನ್ನು ಬೆಳಿಗ್ಗೆ ಇಳಿಸಿ ಸಂಜೆಗೆ ಮತ್ತೆ ಹತ್ತಿಸಿಕೊಳ್ಳುತ್ತವೆ. ಹಾಗೆ ಸಿಗುವ ಒಂದು ಹಗಲು ಈ ದ್ವೀಪಕ್ಕೆ ಸಾಕೇ ಎಂದರೆ, ಓಡಾಡುವವರಿಗೆ ಸಾಲದು, ನಿಂತು ನೋಡುವವರಿಗೆ ಸಾಕು.

ಹಡಗಿನಿಂದ ಕಾಣುವ ಮೊದಲ ನೋಟವೇ ದ್ವೀಪದ ಇತಿಹಾಸವನ್ನೆಲ್ಲ ಹೇಳಿಬಿಡುತ್ತದೆ. ಕೆಳಗೆ ಸ್ಕಾಲಾ ಎಂಬ ಬಂದರು. ಅದರ ಹಿಂದೆ ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗಿದ ಗುಡ್ಡ. ಗುಡ್ಡದ ನೆತ್ತಿಯ ಮೇಲೆ ಸುಣ್ಣ ಬಳಿದ ಮನೆಗಳ ಊರು, ಅದರ ಹೆಸರು ಖೋರಾ. ಆ ಬಿಳುಪಿನ ನಟ್ಟನಡುವೆ ಕಪ್ಪಗೆ, ದಪ್ಪಗೆ, ಕೋಟೆಯೇ ಎನ್ನಿಸುವ ಒಂದು ಮಠ. ಮಲ್ಲಿಗೆಯ ದಂಡೆ ಮುಡಿದ ಕರಿಕಲ್ಲಿನ ವಿಗ್ರಹದ ಹಾಗೆ ಇಡೀ ಬೆಟ್ಟ ಆ ಒಂದು ಕಟ್ಟಡದ ಸುತ್ತ ಅಲಂಕಾರಗೊಂಡು ಕೂತಿದೆ. ಬಂದರಿಗೂ ಬೆಟ್ಟದ ನೆತ್ತಿಗೂ ನಡುದಾರಿಯಲ್ಲಿ, ಪೈನ್ ಮರಗಳ ಹಸುರಿನಲ್ಲಿ ಮರೆಯಾದಂತೆ, ಒಂದು ಗುಹೆಯಿದೆ. ಈ ಗುಹೆ, ಆ ಮಠ, ಸುತ್ತಲಿನ ಊರು, ಮೂರನ್ನೂ ಒಟ್ಟಾಗಿ ಯುನೆಸ್ಕೊ 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟು ಸಣ್ಣ ದ್ವೀಪಕ್ಕೆ ಇಷ್ಟು ದೊಡ್ಡ ಹೆಸರು ಬಂದದ್ದು ಒಬ್ಬ ಕೈದಿಯಿಂದ. ರೋಮನ್ ಚಕ್ರವರ್ತಿ ಡೊಮಿಷಿಯನ್ನನ ಕಾಲದಲ್ಲಿ, ಕ್ರಿಸ್ತಶಕ 95ರ ಸುಮಾರಿಗೆ, ಯೋಹಾನನೆಂಬ ಕ್ರೈಸ್ತ ಭಕ್ತನನ್ನು ಇಲ್ಲಿಗೆ ಗಡೀಪಾರು ಮಾಡಿದರೆಂದು ಪರಂಪರೆ ಹೇಳುತ್ತದೆ. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬನಾದ ಯೋಹಾನನೇ ಈತ ಎಂದು ದ್ವೀಪದ ಜನ ನಂಬುತ್ತಾರೆ. ವಿದ್ವಾಂಸರು ಇವರಿಬ್ಬರೂ ಒಬ್ಬರೇ ಹೌದೋ ಅಲ್ಲವೋ ಎಂದು ಇನ್ನೂ ಚರ್ಚಿಸುತ್ತಿದ್ದಾರೆ. ಬೈಬಲ್ಲಿನ ಕಡೆಯ ಪುಸ್ತಕವಾದ ‘ಪ್ರಕಟನೆ’ಯಲ್ಲಿ ತಾನು ಪತ್ಮೋಸ್ ದ್ವೀಪದಲ್ಲಿದ್ದಾಗ ಈ ದರ್ಶನಗಳನ್ನು ಕಂಡೆನೆಂದು ಬರೆದವನೇ ಹೇಳಿಕೊಂಡಿದ್ದಾನೆ. ಏಳು ಮುದ್ರೆಗಳು, ನಾಲ್ಕು ಕುದುರೆಗಳು, ಸಮುದ್ರದಿಂದ ಎದ್ದುಬರುವ ಮೃಗ, ಬೀಳುವ ಬಾಬಿಲೋನ್, ಕೊನೆಯ ನ್ಯಾಯತೀರ್ಪು: ಯುರೋಪಿನ ಕಲ್ಪನೆಯನ್ನು ಎರಡು ಸಾವಿರ ವರ್ಷ ಬೆಚ್ಚಿಬೀಳಿಸಿದ ಚಿತ್ರಗಳೆಲ್ಲ ಇಲ್ಲಿಂದ ಹೊರಟವು. ಆ ಗ್ರಂಥ ಯಾರನ್ನು ಉದ್ದೇಶಿಸಿತ್ತೋ ಆ ಏಳು ಸಭೆಗಳು, ಎಫೆಸ, ಸ್ಮುರ್ನ, ಪೆರ್ಗಮ ಮೊದಲಾದವು, ಎಲ್ಲವೂ ಎದುರಿನ ಏಷ್ಯಾಮೈನರ್ ನೆಲದಲ್ಲಿದ್ದವು. ಕೈದಿಯ ಊರು ಆಚೆ ದಡದಲ್ಲಿ, ಕೈದಿ ಈಚೆ ಬಂಡೆಯ ಮೇಲೆ, ನಡುವೆ ನೀರು. ಹೊಸ ಲೋಕದಲ್ಲಿ ಸಮುದ್ರವೇ ಇರುವುದಿಲ್ಲ ಎಂಬರ್ಥದ ಮಾತು ಪುಸ್ತಕದ ಕೊನೆಯಲ್ಲಿ ಬರುತ್ತದೆ. ಓದುವಾಗ ವಿಚಿತ್ರವೆನಿಸುವ ಆ ಮಾತು ಪತ್ಮೋಸಿನ ದಡದಲ್ಲಿ ನಿಂತಾಗ ಸರಾಗವಾಗಿ ಅರ್ಥವಾಗುತ್ತದೆ. ಇಲ್ಲಿ ಸೆರೆಮನೆಯ ಗೋಡೆ ಎಂದರೆ ಕಡಲೇ.

ಈ ದ್ವೀಪವನ್ನು ಕಾಣದೆಯೇ ಕಲ್ಪಿಸಿದ ದೊಡ್ಡ ಕಲಾವಿದರ ಸಾಲೇ ಇದೆ. ಬಾಷ್ ಚಿತ್ರಿಸಿದ ಪತ್ಮೋಸಿನಲ್ಲಿ ಉತ್ತರ ಯುರೋಪಿನ ನದಿ, ಹಸುರು, ಹಡಗುಗಳಿವೆ. ವೆಲಾಸ್ಕೆಸ್ 1618ರ ಸುಮಾರಿಗೆ ಬರೆದ ಯೋಹಾನ ಕತ್ತಲ ಬಯಲಿನಲ್ಲಿ ಲೇಖನಿ ಎತ್ತಿಹಿಡಿದು ಕೂತ ಸ್ಪೇನಿನ ತರುಣ. ಜರ್ಮನ್ ಕವಿ ಹೋಲ್ಡರ್ಲಿನ್ 1803ರಲ್ಲಿ ದ್ವೀಪದ ಹೆಸರನ್ನೇ ಇಟ್ಟು ಒಂದು ದೀರ್ಘ ಕವಿತೆ ಬರೆದ. ಗ್ರೀಸಿನಲ್ಲಿ ಅವನು ಕಾಲಿಟ್ಟಿರಲೇ ಇಲ್ಲ. ನಿಜವಾದ ಪತ್ಮೋಸ್ ಇವರೆಲ್ಲರ ಪತ್ಮೋಸಿಗಿಂತ ಬರಡು, ಬೆಳಕು ಮಾತ್ರ ಹೆಚ್ಚು. ಜ್ವಾಲಾಮುಖಿಯ ಶಿಲೆ, ಮುಳ್ಳುಪೊದೆ, ಥೈಮ್ ಎಲೆಯ ಒಣಗಂಧ, ಕಣ್ಣು ಕಿರಿದು ಮಾಡಿಸುವ ಬಿಸಿಲು. ಪ್ರಳಯವನ್ನು ಕಲ್ಪಿಸಲು ಕತ್ತಲೆ ಬೇಕು ಎಂದು ನಾವು ತಿಳಿಯುತ್ತೇವೆ. ಇಲ್ಲಿಗೆ ಬಂದಾಗ, ಎಲ್ಲವೂ ಇಷ್ಟು ನಿಚ್ಚಳವಾಗಿ ಕಾಣುವ ಕಡೆಯಲ್ಲೇ ಆ ದರ್ಶನ ಸಾಧ್ಯವಾಯಿತು ಎಂದು ಹೊಳೆಯುತ್ತದೆ.

ಸ್ಕಾಲಾದಿಂದ ಮೇಲಕ್ಕೆ ಬಸ್ಸುಗಳಿವೆ. ಕಾಲು ಗಟ್ಟಿ ಇರುವವರು ಕಲ್ಲುಹಾಸಿದ ಹಳೆಯ ದಾರಿಯನ್ನೇ ಹಿಡಿಯಬೇಕು. ಏರು ಒಮ್ಮೆಲೇ ಆಗುವುದಿಲ್ಲ. ಪ್ರತಿ ತಿರುವಿನಲ್ಲೂ ಬಂದರು ಒಂದಿಷ್ಟು ಕೆಳಗಿಳಿದು ಸಮುದ್ರ ಒಂದಿಷ್ಟು ಅಗಲವಾಗುತ್ತದೆ. ಅರ್ಧ ದಾರಿಯಲ್ಲಿ ‘ಪ್ರಕಟನೆಯ ಗುಹೆ’. ಹೊರಗಿನಿಂದ ಗುಹೆ ಎನ್ನಿಸುವುದೇ ಇಲ್ಲ. ಬಿಳಿಯ ಗೋಡೆಗಳ, ಹೂಕುಂಡಗಳ ಒಂದು ಸಣ್ಣ ಮಠ. ಒಳಗೆ ಮೆಟ್ಟಿಲುಗಳು ಇಳಿಯುತ್ತಾ ಹೋಗುತ್ತವೆ. ಕೊನೆಗೆ ಸಿಗುವುದು ಅರ್ಧ ಕಟ್ಟಡ, ಅರ್ಧ ಬಂಡೆಯಾದ ಒಂದು ಕೋಣೆ. ಎಡಗಡೆಗೆ ಕನ್ನಿ ಮರಿಯಳ ತಾಯಿ ಸಂತ ಅನ್ನಳ ಹೆಸರಿನ ಗುಡಿ, ಬಲಗಡೆಗೆ ಒಡ್ಡೊಡ್ಡಾದ ಕಲ್ಲಿನ ಚಾವಣಿ. ಬಾಗಿ ನಿಲ್ಲಬೇಕಾದಷ್ಟು ತಗ್ಗು. ಹತ್ತಿಪ್ಪತ್ತು ಜನ ಸೇರಿದರೆ ತುಂಬಿತು.

ಇಲ್ಲಿ ತೋರಿಸುವ ಗುರುತುಗಳು ಮೂರೋ ನಾಲ್ಕೋ, ಅಷ್ಟೇ. ಬಂಡೆ ಮೂರು ಸೀಳಾಗಿ ಬಿರಿದ ಜಾಗ: ದೇವರ ದನಿ ಬಂದಾಗ ಕಲ್ಲು ಹಾಗೆ ಸೀಳಿತೆಂದು, ಮೂರು ಸೀಳು ತ್ರಿತ್ವದ ಸಂಕೇತವೆಂದು ಭಕ್ತರ ನಂಬಿಕೆ. ನೆಲಮಟ್ಟದಲ್ಲಿ ಬೆಳ್ಳಿಯ ಕಟ್ಟು ಹಾಕಿದ ಒಂದು ಗೂಡು, ಯೋಹಾನ ತಲೆಯಿಟ್ಟು ಮಲಗುತ್ತಿದ್ದದ್ದು ಅಲ್ಲಿ. ಅದರ ಮೇಲೆ ಇನ್ನೊಂದು ಸಣ್ಣ ಗುಳಿ, ಮುದುಕ ಏಳುವಾಗ ಕೈಯೂರುತ್ತಿದ್ದದ್ದು. ಎದೆಯೆತ್ತರದಲ್ಲಿ ಚಪ್ಪಟೆಯಾದ ಒಂದು ಕಲ್ಲಿನ ಅಂಚು, ಶಿಷ್ಯ ಪ್ರೊಖೊರೋಸ್ ಹಾಳೆ ಹರವಿಕೊಂಡು ಗುರು ಹೇಳಿದ್ದನ್ನು ಬರೆದುಕೊಂಡದ್ದು. ಇವೆಲ್ಲ ಚರಿತ್ರೆಯೋ ಕತೆಯೋ ಎಂದು ತೂಗಿ ನೋಡಲು ಹೊರಟರೆ ಕೈಗೆ ಹತ್ತುವುದು ಕಡಮೆ. ಆದರೆ ಕತೆ ಕಟ್ಟಿದವರ ಸೂಕ್ಷ್ಮವನ್ನು ಗಮನಿಸಿ. ಸ್ವರ್ಗ ಬಾಗಿಲು ತೆರೆದದ್ದನ್ನು ಕಂಡವನ ನೆನಪಿಗೆ ಅವರು ಉಳಿಸಿಕೊಂಡದ್ದು ಅವನ ದಿಂಬು, ಅವನ ಊರುಗೈ, ಅವನ ಬರವಣಿಗೆಯ ಮೇಜು. ಭವ್ಯವಾದದ್ದನ್ನು ಹಿಡಿದಿಡಲು ಮುದುಕನೊಬ್ಬ ಎದ್ದು ಕೂರುವ ಕಷ್ಟ ಸಾಕಾಯಿತು.

ಬೈಜಾಂಟೈನ್ ಚಿತ್ರಕಾರರು ಈ ಜೋಡಿಯನ್ನು ಮತ್ತೆ ಮತ್ತೆ ಬರೆದಿದ್ದಾರೆ. ಯೋಹಾನ ನಿಂತು, ಮುಖವನ್ನು ಹಿಂದಕ್ಕೆ ತಿರುಗಿಸಿ ಆಕಾಶದ ಮೂಲೆಯೊಂದರತ್ತ ಕಿವಿಗೊಟ್ಟಿರುತ್ತಾನೆ. ಕೆಳಗೆ ಗುಹೆಯ ಬಾಯಲ್ಲಿ ಪ್ರೊಖೊರೋಸ್ ತಲೆ ತಗ್ಗಿಸಿ ಬರೆಯುತ್ತಿರುತ್ತಾನೆ. ಕೇಳುವವನು ಬರೆಯುವುದಿಲ್ಲ, ಬರೆಯುವವನು ಮೇಲೆ ನೋಡುವುದಿಲ್ಲ. ಸ್ಫೂರ್ತಿಯನ್ನೂ ಶ್ರಮವನ್ನೂ ಇಬ್ಬರಿಗೆ ಹಂಚಿದ ಈ ವಿನ್ಯಾಸಕ್ಕಿಂತ ಚೆಲುವಾಗಿ ಬರವಣಿಗೆಯ ಕ್ರಿಯೆಯನ್ನು ಚಿತ್ರಿಸಿದ ಕಲೆ ಅಪರೂಪ. ಇನ್ನೊಂದು ಸ್ವಾರಸ್ಯವಿದೆ. ಈ ಚಿತ್ರಗಳಲ್ಲಿ ಪ್ರೊಖೊರೋಸ್ ಬಹುಮಟ್ಟಿಗೆ ಬರೆಯುತ್ತಿರುವುದು ‘ಪ್ರಕಟನೆ’ಯನ್ನಲ್ಲ, ಯೋಹಾನನ ಸುವಾರ್ತೆಯನ್ನು, ಅದೂ ಪತ್ಮೋಸಿನಲ್ಲೇ ಹುಟ್ಟಿತೆಂದು ಪ್ರೊಖೊರೋಸನ ಹೆಸರಿನಲ್ಲಿರುವ ಹಳೆಯ ಕಥಾನಕ ಹೇಳುತ್ತದೆ. ಪೂರ್ವದ ಆರ್ಥೊಡಾಕ್ಸ್ ಚರ್ಚು ‘ಪ್ರಕಟನೆ’ಯನ್ನು ಪವಿತ್ರವೆಂದು ಒಪ್ಪಿಕೊಂಡಿದ್ದರೂ, ವರ್ಷವಿಡೀ ಆರಾಧನೆಯಲ್ಲಿ ಓದುವ ಪಾಠಗಳ ಸರಣಿಯಲ್ಲಿ ಅದಕ್ಕೆ ಜಾಗ ಕೊಟ್ಟಿಲ್ಲ. ಬೆಂಕಿಯ ಪುಸ್ತಕವನ್ನು ಅವರು ಮನೆಯೊಳಗೆ ಇಟ್ಟುಕೊಂಡಿದ್ದಾರೆ, ದಿನಾ ಹೊತ್ತಿಸುವುದಿಲ್ಲ.

ಪತ್ಮೋಸಿನ ಗುಟ್ಟು ನನಗೆ ತೋರುವುದು ಇಲ್ಲೇ. ಭರತನು ಹೇಳಿದ ಎಂಟು ರಸಗಳ ಜೊತೆಗೆ ಒಂಬತ್ತನೆಯದಾಗಿ ಶಾಂತ ಸೇರಿಕೊಂಡಿತು. ಉಳಿದ ಭಾವಗಳೆಲ್ಲ ಹುಟ್ಟುವುದೂ ಮರಳುವುದೂ ಅದರಲ್ಲೇ ಎಂದು ಅಭಿನವಗುಪ್ತ ವಾದಿಸಿದ. ಭಯಾನಕವೂ ಅದ್ಭುತವೂ ಕಿಕ್ಕಿರಿದ ಒಂದು ಗ್ರಂಥ ಹುಟ್ಟಿದ ನೆಲದಲ್ಲಿ, ಆ ಗ್ರಂಥವನ್ನು ಗೌರವಿಸುತ್ತಲೇ, ಜನ ಒಂಬೈನೂರಕ್ಕೂ ಹೆಚ್ಚು ವರ್ಷ ಶಾಂತವನ್ನು ಕಟ್ಟಿದ್ದಾರೆ. ಬೆಟ್ಟದ ಮೇಲಿನ ಮಠವನ್ನು ಈ ಕಣ್ಣಿನಿಂದ ನೋಡಬೇಕು.

ಮಠ ಕಟ್ಟಿದವನು ಕ್ರಿಸ್ತೋದುಲೋಸ್ ಎಂಬ ಸನ್ಯಾಸಿ. 1088ರಲ್ಲಿ ಬೈಜಾಂಟೈನ್ ಚಕ್ರವರ್ತಿ ಒಂದನೆಯ ಅಲೆಕ್ಸಿಯೋಸ್ ಕೊಮ್ನೆನೋಸ್ ಅವನಿಗೆ ಇಡೀ ದ್ವೀಪವನ್ನೇ ತೆರಿಗೆಯಿಲ್ಲದ ಉಂಬಳಿಯಾಗಿ ಕೊಟ್ಟ. ಚಕ್ರವರ್ತಿ ಕೆಂಪು ಶಾಯಿಯಲ್ಲಿ ರುಜು ಹಾಕಿದ ಆ ಶಾಸನದ ಹಾಳೆ ಇಂದಿಗೂ ಮಠದ ಸಂಗ್ರಹಾಲಯದಲ್ಲಿದೆ. ಆಗ ದ್ವೀಪ ಬಹುತೇಕ ಪಾಳು. ಹಿಂದೆ ಅರ್ತೆಮಿಸ್ ದೇವಿಯ ಗುಡಿಯಿದ್ದ ನೆತ್ತಿಯನ್ನು ಕ್ರಿಸ್ತೋದುಲೋಸ್ ಆರಿಸಿಕೊಂಡ. ಹೆಂಗಸರು ದ್ವೀಪಕ್ಕೆ ಬರಕೂಡದು ಎಂಬುದು ಅವನ ಮೊದಲ ಕಟ್ಟಳೆ. ಆದರೆ ಗೋಡೆ ಕಟ್ಟಲು ಬಂದ ಕೆಲಸಗಾರರು ಹೆಂಡತಿ ಮಕ್ಕಳಿಲ್ಲದೆ ಇರಲು ಒಪ್ಪಲಿಲ್ಲ. ಕಲ್ಲು ಎತ್ತುವವರಿಲ್ಲದೆ ಮಠ ಏಳುವುದಿಲ್ಲವಲ್ಲ. ಸನ್ಯಾಸಿ ಮಣಿದ, ಸಂಸಾರಗಳು ದ್ವೀಪದ ಉತ್ತರ ಭಾಗದಲ್ಲಿ ನೆಲೆಸಿದವು. ಈಗಿನ ಊರಿನ ಬೇರು ಆ ರಾಜಿಯಲ್ಲಿದೆ. ತುರ್ಕರ ದಾಳಿಗೆ ಹೆದರಿ ಕ್ರಿಸ್ತೋದುಲೋಸ್ ತಾನೇ ದ್ವೀಪ ಬಿಟ್ಟು ಹೋಗಬೇಕಾಯಿತು. 1093ರಲ್ಲಿ ಯೂಬಿಯ ದ್ವೀಪದಲ್ಲಿ ತೀರಿಕೊಂಡ. ಶಿಷ್ಯರು ಅವನ ದೇಹವನ್ನು ಮರಳಿ ತಂದರು. ಮಠದೊಳಗಿನ ಒಂದು ಗುಡಿಯಲ್ಲಿ ಅವನ ಅವಶೇಷಗಳಿವೆ.

ಕಡಲ್ಗಳ್ಳರ ಕಾಲದ ಮಠವಾದ್ದರಿಂದ ಹೊರಗಿನ ರೂಪ ಯುದ್ಧದ್ದು. ಹದಿನೈದು ಮೀಟರಿಗೂ ಎತ್ತರದ ಗೋಡೆ, ಇಳಿಜಾರಾಗಿ ಮೈಚಾಚಿದ ಆನೆಕಲ್ಲುಗಳ ಆಸರೆ, ಬಾಗಿಲ ನೆತ್ತಿಯಲ್ಲಿ ಶತ್ರುಗಳ ಮೇಲೆ ಕುದಿಯುವುದನ್ನು ಸುರಿಯಲು ಬಿಟ್ಟ ಕಂಡಿ. ಆ ಕಂಡಿಯ ಕೆಳಗೆ ಹಾದು ಒಳಗೆ ಬಂದ ಕೂಡಲೇ ಎಲ್ಲ ಬದಲಾಗುತ್ತದೆ. ಬೆಣಚುಕಲ್ಲು ಹಾಸಿದ ಒಂದು ಸಣ್ಣ ಅಂಗಳ. ಸುತ್ತ ಕಮಾನುಗಳು, ಕಮಾನಿನ ಮೇಲೆ ಕಮಾನು. ಕೆಲವು ಅಂದಕ್ಕೆ, ಕೆಲವು ಭೂಕಂಪದಲ್ಲಿ ಗೋಡೆಗಳು ಒಂದನ್ನೊಂದು ತಡೆದು ನಿಲ್ಲಲೆಂದು. ಒಂದೊಂದು ಕಾಲದಲ್ಲಿ ಒಂದೊಂದು ಕೋಣೆ ಸೇರಿದ್ದರಿಂದ ಇಲ್ಲಿ ನೇರಗೆರೆ ಎಂಬುದಿಲ್ಲ. ಮೆಟ್ಟಿಲು ಒಂದು ಮಹಡಿಯನ್ನು ಮುಟ್ಟುವ ಮೊದಲೇ ಇನ್ನೊಂದಕ್ಕೆ ಹೊರಳುತ್ತದೆ. ಒಬ್ಬನೇ ಶಿಲ್ಪಿ ಯೋಚಿಸಿ ಕಟ್ಟಿದರೆ ಬಾರದ ಸೊಗಸು ಇದು. ಅವಸರವಿಲ್ಲದೆ ಬಾಳಿದ ಹಲವು ತಲೆಮಾರುಗಳು ಮಾತ್ರ ಹೀಗೆ ಕಟ್ಟಬಲ್ಲವು.

ಮುಖ್ಯ ಗುಡಿಯ ಮುಂಭಾಗದ ಭಿತ್ತಿಚಿತ್ರಗಳಲ್ಲಿ ಯೋಹಾನನ ಪವಾಡಗಳ ಕತೆಗಳಿವೆ. ಅವನ್ನು ನೋಡಿ ಮುಂದೆ ಹೋಗಿ, ಪಕ್ಕದ ಕನ್ನಿ ಮರಿಯಳ ಗುಡಿಯಲ್ಲಿ ಸಮಯ ಕೊಡಿ. 1956ರಲ್ಲಿ ಈ ಭಾಗದ ಸಮುದ್ರದಲ್ಲಿ ದೊಡ್ಡ ಭೂಕಂಪವಾಯಿತು. ಅದರ ನಂತರದ ಜೀರ್ಣೋದ್ಧಾರದಲ್ಲಿ ಮೇಲುಪದರದ ಚಿತ್ರಗಳ ಹಿಂದೆ ಅಡಗಿದ್ದ ಹನ್ನೆರಡನೆಯ ಶತಮಾನದ ಚಿತ್ರಗಳು ಬೆಳಕಿಗೆ ಬಂದವು. ಅವುಗಳಲ್ಲಿ ಒಂದು ಅಬ್ರಹಾಮನ ಅತಿಥಿಸತ್ಕಾರ. ಬಿಸಿಲ ಹೊತ್ತಿನಲ್ಲಿ ಡೇರೆಯ ಮುಂದೆ ಬಂದ ಮೂವರು ಅಪರಿಚಿತರನ್ನು ಮುದುಕ ಅಬ್ರಹಾಮ ಕರೆದು ಕೂರಿಸಿ ಉಣ್ಣಲಿಕ್ಕುತ್ತಾನೆ. ಅವರು ದೇವದೂತರೆಂದು ಅವನಿಗೆ ಆಮೇಲೆ ತಿಳಿಯುತ್ತದೆ. ಮೇಜಿನ ಸುತ್ತ ಕೂತ ಮೂವರ ರೆಕ್ಕೆಗಳು ಒಂದರ ಬದಿಗೊಂದು ಬಾಗಿವೆ, ಮುಖಗಳು ಒಂದೇ ಮುಖದ ಮೂರು ತಿರುವು. ಕಂದು, ತೆಳುನೀಲಿ, ಮಾಸಿದ ಕೆಂಪು. ಬಣ್ಣ ಯಾವುದೂ ಕೂಗುವುದಿಲ್ಲ. ಸಮುದ್ರ ದಾಟಿ ಬಂದವರೆಲ್ಲ ಕಳ್ಳರಿರಬಹುದೆಂಬ ಭಯದಲ್ಲಿ ಕೋಟೆ ಕಟ್ಟಿಕೊಂಡವರು ಅದರೊಳಗಿನ ಗೋಡೆಯ ಮೇಲೆ ಬರೆಸಿದ್ದು ಅಪರಿಚಿತರಿಗೆ ಉಣ್ಣಲಿಕ್ಕುವ ಚಿತ್ರವನ್ನು. ಇದಕ್ಕಿಂತ ದೊಡ್ಡ ವಿಶ್ವಾಸದ ಮಾತು ಈ ಬೆಟ್ಟದ ಮೇಲೆ ಬೇರೆ ಇಲ್ಲ. ಹತ್ತಿರದ ಊಟದ ಕೋಣೆಯಲ್ಲಿ ಉದ್ದನೆಯ ಕಲ್ಲಿನ ಮೇಜುಗಳಿವೆ. ಪ್ರತಿ ಸನ್ಯಾಸಿಯೂ ತನ್ನ ಚಮಚ ತಟ್ಟೆ ಇಟ್ಟುಕೊಳ್ಳಲೆಂದು ಮೇಜಿನ ಬದಿಯಲ್ಲೇ ಗೂಡುಗಳನ್ನು ಕೊರೆದಿದ್ದಾರೆ.

ಮಠದ ಗ್ರಂಥಭಂಡಾರ ವಿದ್ವಾಂಸರಿಗಷ್ಟೇ ತೆರೆಯುತ್ತದೆ. ಆದರೆ ಅದರ ಕೆಲವು ರತ್ನಗಳು ಸಂಗ್ರಹಾಲಯದಲ್ಲಿ ನೋಡಸಿಗುತ್ತವೆ. 1200ರ ಸುಮಾರಿಗೆ ಮಾಡಿದ ಪಟ್ಟಿಯಲ್ಲಿಯೇ ಇಲ್ಲಿ 330 ಹಸ್ತಪ್ರತಿಗಳಿದ್ದವು. ಎಲ್ಲಕ್ಕೂ ಹಳೆಯದಾದ ಆರನೆಯ ಶತಮಾನದ ಮಾರ್ಕನ ಸುವಾರ್ತೆಯ ಮುಂದೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಚರ್ಮಪತ್ರಕ್ಕೆ ನೇರಳೆ ಬಣ್ಣ ಕೊಟ್ಟು, ಅದರ ಮೇಲೆ ಬೆಳ್ಳಿಯಲ್ಲಿ ಅಕ್ಷರ ಬರೆದು, ದೇವರ ಹೆಸರು ಬಂದಲ್ಲಿ ಮಾತ್ರ ಚಿನ್ನ ಬಳಸಿದ್ದಾರೆ. ಬೆಳ್ಳಿ ಕಾಲಕ್ರಮದಲ್ಲಿ ಕಪ್ಪಾಗಿದೆ; ಚಿನ್ನ ಹಾಗೇ ಉಳಿದಿದೆ. ಹಾಗಾಗಿ ಇಂದು ಆ ಪುಟದಲ್ಲಿ ಮೊದಲು ಕಣ್ಣಿಗೆ ಬೀಳುವುದು ದೇವರ ಹೆಸರೇ. ಬರೆದವನು ಬಯಸಿದ್ದನ್ನು ಕಾಲ ಇನ್ನಷ್ಟು ಚೆನ್ನಾಗಿ ನಡೆಸಿಕೊಟ್ಟಿದೆ. ಈ ಪುಸ್ತಕ ಯಾವಾಗಲೋ ಬಿಡಿಬಿಡಿಯಾಗಿ ಚದುರಿಹೋಯಿತು. 33 ಹಾಳೆ ಪತ್ಮೋಸಿನಲ್ಲಿದ್ದರೆ, 182 ಹಾಳೆ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿವೆ. ವ್ಯಾಟಿಕನ್, ಲಂಡನ್, ವಿಯೆನ್ನಾಗಳಲ್ಲಿ ಕೆಲವೇ ಕೆಲವು.

ಇಲ್ಲಿ ಇದ್ದು ಈಗ ಇಲ್ಲದಿರುವ ಒಂದು ಪುಸ್ತಕದ ನೆನಪೂ ಆಗಲೇಬೇಕು. 895ರಲ್ಲಿ ಅರೇಥಾಸ್ ಎಂಬ ಪಂಡಿತನಿಗಾಗಿ ಯೋಹಾನನೆಂಬ ಲಿಪಿಕಾರ ಪ್ಲೇಟೋನ ಸಂವಾದಗಳನ್ನು ಪ್ರತಿ ಮಾಡಿಕೊಟ್ಟ. ಪ್ಲೇಟೋನ ಉಳಿದುಬಂದ ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿ ಅದೂ ಒಂದು. 1801ರಲ್ಲಿ ಕೇಂಬ್ರಿಜ್ಜಿನ ಎಡ್ವರ್ಡ್ ಡೇನಿಯಲ್ ಕ್ಲಾರ್ಕ್ ಈ ಮಠದಲ್ಲಿ ಅದನ್ನು ಕಂಡು ಕೊಂಡುಕೊಂಡು ಹೋದ. ಈಗ ಅದು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಕೊಂಡವನನ್ನು ಹೊಗಳುವುದೋ ಬೈಯುವುದೋ ಎಂಬ ಜಗಳ ಹಳೆಯದು. ಅದಕ್ಕಿಂತ ನನಗೆ ಪ್ರಿಯವಾದದ್ದು ಬೇರೆ ಸಂಗತಿ: ಲೋಕಾಂತ್ಯದ ದರ್ಶನಕ್ಕಾಗಿ ಹೆಸರಾದ ಬೆಟ್ಟದ ಮೇಲೆ ಕ್ರೈಸ್ತ ಸನ್ಯಾಸಿಗಳು, ತಮ್ಮ ದೇವರನ್ನು ಅರಿಯದ ಒಬ್ಬ ತತ್ತ್ವಜ್ಞಾನಿಯ ಪ್ರಶ್ನೋತ್ತರಗಳನ್ನೂ ಬಿಸಾಡದೆ ಇಟ್ಟುಕೊಂಡಿದ್ದರು.

ಮಠದಿಂದ ಹೊರಬಿದ್ದರೆ ಖೋರಾದ ಓಣಿಗಳು. ಇಬ್ಬರು ಎದುರಾದರೆ ಒಬ್ಬರು ಬದಿಗೆ ಸರಿಯಬೇಕು. ಬೇಕೆಂದೇ ಡೊಂಕಾಗಿ ಕಟ್ಟಿದ ಓಣಿಗಳಿವು. ಹೊರಗಿನಿಂದ ನುಗ್ಗಿದವನು ದಾರಿ ತಪ್ಪಲಿ ಎಂಬ ಉಪಾಯ, ಇಂದಿನ ಪ್ರವಾಸಿಗರ ಮೇಲೂ ಚೆನ್ನಾಗಿ ಕೆಲಸ ಮಾಡುತ್ತದೆ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿದ್ದಾಗ ಅಲ್ಲಿಂದ ಓಡಿಬಂದ ಕುಟುಂಬಗಳು ಮಠದ ಪಶ್ಚಿಮಕ್ಕೆ ಒಂದು ಕೇರಿ ಕಟ್ಟಿಕೊಂಡವು. 1669ರಲ್ಲಿ ಕ್ರೀಟಿನ ಕ್ಯಾಂಡಿಯಾ ತುರ್ಕರ ವಶವಾದಾಗ ಬಂದ ನಿರಾಶ್ರಿತರದು ಇನ್ನೊಂದು ಕೇರಿ. ನಡುವೆ 1659ರಲ್ಲಿ ವೆನಿಸ್ಸಿನ ಮೊರೊಸಿನಿ ಊರನ್ನು ಲೂಟಿ ಮಾಡಿದ. ಬಿದ್ದದ್ದನ್ನು ಮತ್ತೆ ಎತ್ತಿದರು. 1713ರಲ್ಲಿ ಮಕಾರಿಯೋಸ್ ಕಲೊಯೆರಾಸ್ ಗುಹೆಯ ಬಳಿ ಆರಂಭಿಸಿದ ಪತ್ಮೋಸ್ ಶಾಲೆ ತುರ್ಕರ ಆಳ್ವಿಕೆಯ ಕಾಲದಲ್ಲಿ ಗ್ರೀಕ್ ವಿದ್ಯೆಯ ದೊಡ್ಡ ನೆಲೆಯಾಯಿತು. 1912ರಿಂದ ಇಟಲಿಯ ಕೈಯಲ್ಲಿದ್ದ ದ್ವೀಪ 1948ರಲ್ಲಿ ಗ್ರೀಸಿಗೆ ಸೇರಿತು. ಈ ಏರಿಳಿತಗಳಾವುವೂ ಓಣಿಯಲ್ಲಿ ನಡೆಯುವವನ ಕಣ್ಣಿಗೆ ಬೀಳುವುದಿಲ್ಲ. ಕಾಣುವುದು ಸುಣ್ಣದ ಗೋಡೆ, ಕಲ್ಲಿನ ಬಾಗಿಲ ಚೌಕಟ್ಟು, ಗೋಡೆಯ ಮೇಲಿಂದ ಇಣುಕುವ ಬೊಗೆನ್‌ವಿಲ್ಲಾ, ಮೂಲೆ ಮೂಲೆಗೂ ಕೈಯಗಲದ ಗುಡಿಗಳು. ಹತ್ತಿರದಲ್ಲೇ 1607ರಲ್ಲಿ ಸ್ಥಾಪನೆಯಾದ ಸನ್ಯಾಸಿನಿಯರ ಮಠವಿದೆ, ‘ಜೊಒದೊಖೊಸ್ ಪಿಗಿ’ ಎಂದು ಹೆಸರು. ದೊಡ್ಡ ಮಠದ ಗತ್ತು ಅಲ್ಲಿಲ್ಲ. ಅಚ್ಚುಕಟ್ಟಾದ ಅಂಗಳ, ನೀರು ಕುಡಿದ ಗಿಡಗಳು.

ಊರಿನ ಅಂಚಿನಲ್ಲಿ ಮೂರು ಗಾಳಿಗಿರಣಿಗಳಿವೆ. ಅಲ್ಲಿ ನಿಂತರೆ ದ್ವೀಪದ ಒಡೆದ ಅಂಚೆಲ್ಲ ಕಾಣುತ್ತದೆ: ಕಡಲು ಎರಡೂ ಕಡೆಯಿಂದ ಒಳನುಗ್ಗಿ, ಸ್ಕಾಲಾದ ಬಳಿ ದ್ವೀಪ ಸೊಂಟದಷ್ಟು ಕಿರಿದಾಗಿದೆ. ದೂರದಲ್ಲಿ ಇಕಾರಿಯ, ಸಾಮೋಸ್, ಲೇರೋಸ್. ಗಾಜಿನಂಥ ಸಮುದ್ರದಲ್ಲಿ ಬೆಂಕಿ ಬೆರೆತದ್ದನ್ನು ಯೋಹಾನ ವರ್ಣಿಸಿದ್ದಾನೆ. ಬೇಸಗೆಯ ಇಳಿಹೊತ್ತಿನಲ್ಲಿ ಪಶ್ಚಿಮದ ನೀರನ್ನು ನೋಡಿದವರಿಗೆ ಆ ಮಾತಿಗೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಈಸ್ಟರ್ ವಾರದಲ್ಲಿ ಬರಲು ಸಾಧ್ಯವಾದವರು ಭಾಗ್ಯವಂತರು. ಪವಿತ್ರ ಗುರುವಾರ ಊರ ಚೌಕದಲ್ಲಿ ವೇದಿಕೆ ಕಟ್ಟಿ, ಯೇಸು ಶಿಷ್ಯರ ಪಾದ ತೊಳೆದ ಪ್ರಸಂಗವನ್ನು ನಡೆಸುತ್ತಾರೆ. ಮಠಾಧಿಪತಿ ಮೇಲುಡುಪು ಕಳಚಿ, ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು, ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ಊರಿಗೆ ಊರೇ ಸುತ್ತ ನೆರೆದಿರುತ್ತದೆ. ಇಡೀ ದ್ವೀಪವನ್ನು ಚಕ್ರವರ್ತಿಯಿಂದ ಪಡೆದ ಪೀಠದ ಒಡೆಯರು ವರ್ಷಕ್ಕೊಮ್ಮೆ ಹೀಗೆ ನೆಲಕ್ಕೆ ಬಾಗುವುದನ್ನು ಊರವರು ತಪ್ಪದೆ ನೋಡಲು ಬರುತ್ತಾರೆ.

ಭವ್ಯತೆ ಬೇಕೆನ್ನುವವರಿಗೆ ಗ್ರೀಸಿನಲ್ಲಿ ಇದಕ್ಕಿಂತ ದೊಡ್ಡ ಕಟ್ಟಡಗಳಿವೆ, ಇದಕ್ಕಿಂತ ಕಡಿದಾದ ಬೆಟ್ಟಗಳಿವೆ. ಭಯದಿಂದ ಹುಟ್ಟಿದ್ದನ್ನು ಪ್ರೀತಿಯಿಂದ ಸಾಕುವುದು ಹೇಗೆಂದು ತೋರಿಸುವ ಜಾಗಗಳಲ್ಲಿ ಇದಕ್ಕಿಂತ ಮಿಗಿಲಾದದ್ದನ್ನು ನಾನು ಹೇಳಲಾರೆ. ಹೋಗುವವರಿಗೆ ಎರಡು ಮಾತು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ತೊಡಿ, ಗುಂಪುಗಳ ಬಸ್ಸು ಬರುವ ಮೊದಲೇ ಗುಹೆಗೆ ಹೋಗಿ. ಹೊರಡುವ ಮುನ್ನ ಕನ್ನಡ ಬೈಬಲ್ಲಿನ ಕೊನೆಯ ಪುಟಗಳಲ್ಲಿರುವ ‘ಪ್ರಕಟನೆ’ಯನ್ನು ಒಮ್ಮೆ ಪೂರ್ತಿ ಓದಿ. ಇಪ್ಪತ್ತೆರಡೇ ಅಧ್ಯಾಯ, ಒಂದು ಸಂಜೆಯ ಓದು. ಅದನ್ನು ಓದಿಕೊಂಡು ಹೋದವರಿಗೆ ಮಾತ್ರ ಪತ್ಮೋಸಿನ ಶಾಂತಿಯ ಬೆಲೆ ಪೂರ್ತಿ ತಿಳಿಯುತ್ತದೆ.